ಚಾಕೊಲೇಟ್ ಡಬ್ಬಿಯ ಪಕ್ಕದಲ್ಲಿ ಸಿಗರೇಟು: ಅಪ್ಪ-ಅಮ್ಮಂದಿರು, ಅಂಗಡಿಯವರು, ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಶ್ಚಿಮ ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಶಾಲೆಯಿಂದ ಬಸ್ ಸ್ಟಾಪಿನವರೆಗೆ ನಡೆದರೆ ಬೇಕರಿ, ಕಾಂಡಿಮೆಂಟ್ಸ್, ಬೀಡಾ ಅಂಗಡಿ ಸಾಲಾಗಿ ಸಿಗುತ್ತವೆ. ದಿನಾ ಸಂಜೆ ನಮ್ಮ ಮಕ್ಕಳು ಅಲ್ಲಿ ನಿಂತಿರುವುದನ್ನು ನೋಡಿ ನೋಡಿ ಈ ವಿಷಯ ನನ್ನ ತಲೆಗೆ ಹತ್ತಿತು. ಪೋಷಕರ ಸಭೆಯಲ್ಲಿ, ಅಂಗಡಿ ಮುಂದಿನ ಮಾತುಕತೆಯಲ್ಲಿ, ಕೆಲವರು ಬರೆದು ಕೊಟ್ಟ ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ.

## ಮೊದಲು ಬರುವ ಪ್ರಶ್ನೆಗಳು

"ಟೀವೀಲಿ, ಪೇಪರ್‌ನಲ್ಲಿ ಸಿಗರೇಟ್ ಜಾಹೀರಾತೇ ಬರಲ್ಲ. ಇನ್ನು ಮಕ್ಕಳು ಎಲ್ಲಿ ನೋಡ್ತಾರೆ?"

ಅಂಗಡಿಯಲ್ಲಿ. 2003ರ ತಂಬಾಕು ನಿಯಂತ್ರಣ ಕಾಯ್ದೆ, ಎಲ್ಲರೂ ಕೋಟ್ಪಾ ಎನ್ನುವ ಕಾನೂನು, ಟೀವಿ, ಪತ್ರಿಕೆ, ರಸ್ತೆಬದಿಯ ದೊಡ್ಡ ಫಲಕ ಎಲ್ಲವನ್ನೂ ಮುಚ್ಚಿಸಿತು. ಆದರೆ ಎರಡು ಕಡೆ ಬಿಟ್ಟಿತು: ಸಿಗರೇಟು ಪ್ಯಾಕಿನ ಮೇಲೆ, ಮತ್ತು ಸಿಗರೇಟು ಮಾರುವ ಅಂಗಡಿಯ ಬಾಗಿಲಲ್ಲಿ ಹಾಗೂ ಒಳಗೆ. ಎಲ್ಲ ಬಾಗಿಲು ಮುಚ್ಚಿದ ಮೇಲೆ ಹಣ, ಬುದ್ಧಿವಂತಿಕೆ ಎಲ್ಲ ಆ ಎರಡು ಕಿಂಡಿಗಳ ಕಡೆಗೇ ಹರಿಯಿತು.

ನಮ್ಮ ಊರಿನ ಬೇಕರಿಯನ್ನೇ ನೆನಪಿಸಿಕೊಳ್ಳಿ. ಗಾಜಿನ ಪೆಟ್ಟಿಗೆಯಲ್ಲಿ ಖಾರಾ ಬನ್ನು, ಪಫ್ಸು, ದಿಲ್‌ಪಸಂದು. ಅದರ ಮೇಲೆ ಚಾಕೊಲೇಟ್, ಬಬಲ್ ಗಮ್ ಡಬ್ಬಿಗಳು. ಅದರ ಹಿಂದೆಯೇ, ಗಲ್ಲಾ ಪಕ್ಕದಲ್ಲಿ, ಬಣ್ಣ ಬಣ್ಣದ ಸಿಗರೇಟು ಪ್ಯಾಕುಗಳ ಗೋಡೆ. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಲೈಟರು. ಕೆಳಗೆ ಟೀ ಲೋಟ ಹಿಡಿದು ಹೊಗೆ ಬಿಡುತ್ತಿರುವ ನಾಲ್ಕು ಜನ ಅಣ್ಣಂದಿರು. ಐದು ರೂಪಾಯಿ ಹಿಡಿದು ಬಂದ ಮಗು ಇದನ್ನೆಲ್ಲ ನೋಡುತ್ತಲೇ ತನ್ನ ಸರದಿಗೆ ಕಾಯುತ್ತದೆ. ಇವತ್ತು, ನಾಳೆ, ವರ್ಷಪೂರ್ತಿ.

"ಅಂಗಡಿ ಅಂದ್ಮೇಲೆ ಸಾಮಾನು ಕಾಣೋ ಹಾಗೆ ಇಡಲೇಬೇಕಲ್ವಾ? ಅದು ಹೇಗೆ ಜಾಹೀರಾತಾಗುತ್ತೆ?"

ಸಿಗರೇಟು ಸೇದುವವರು ಅಂಗಡಿಗೆ ಬಂದು ಹೇಗೆ ಕೇಳುತ್ತಾರೆ, ಗಮನಿಸಿ. ಗೋಡೆ ನೋಡಿ ಆರಿಸುವುದಿಲ್ಲ. ಹೆಸರು ಹೇಳಿ ಕೈ ಚಾಚುತ್ತಾರೆ. ಎಷ್ಟೋ ಕಡೆ ಹೆಸರೂ ಬೇಕಿಲ್ಲ, ಮುಖ ನೋಡಿಯೇ ಅಂಗಡಿಯವರು ತೆಗೆದುಕೊಡುತ್ತಾರೆ. ಹಾಗಾದರೆ ಆ ಗೋಡೆ ಯಾರಿಗಾಗಿ? ಇನ್ನೂ ಶುರು ಮಾಡದವರಿಗೆ, ಮತ್ತು ಬಿಡಬೇಕು ಅಂತ ಒದ್ದಾಡುತ್ತಿರುವವರಿಗೆ.

ನಮ್ಮ ಕಾನೂನಿನಲ್ಲಿ ಜಾಹೀರಾತಿನ ಅರ್ಥ ಬಹಳ ಅಗಲ. ಕಣ್ಣಿಗೆ ಕಾಣುವ ಸೂಚನೆ, ಲೇಬಲ್ಲು, ಹೊದಿಕೆ, ಬಾಯಿಮಾತಿನ ಘೋಷಣೆ, ಬೆಳಕು, ಶಬ್ದ, ಕೊನೆಗೆ ಹೊಗೆಯ ಮೂಲಕ ಮಾಡುವ ಪ್ರಚಾರ ಕೂಡ ಅದರಲ್ಲಿ ಸೇರಿದೆ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಪ್ಪಂದಕ್ಕೆ ಭಾರತ 2004ರಲ್ಲಿ ಒಪ್ಪಿಗೆ ಕೊಟ್ಟಿದೆ. ಅಂಗಡಿಯಲ್ಲಿ ಪ್ಯಾಕು ಜೋಡಿಸಿಡುವುದೇ ಜಾಹೀರಾತು ಅಂತ ಆ ಒಪ್ಪಂದದ ಮಾರ್ಗಸೂಚಿ ನೇರವಾಗಿ ಹೇಳುತ್ತದೆ. ಆದರೂ ಇಂಗ್ಲೆಂಡಿನಲ್ಲಿ ಇರುವಂತೆ ಪ್ಯಾಕು ಪ್ರದರ್ಶನವನ್ನು ಪೂರ್ತಿ ಮುಚ್ಚಿಡಬೇಕು ಎಂಬ ನಿಯಮ ನಮ್ಮಲ್ಲಿ ಇಲ್ಲ. ನನ್ನ ದೊಡ್ಡ ತಕರಾರು ಇದೇ.

"ನನ್ನ ಮಗಳಿಗೆ ಇನ್ನೂ ಆರು ವರ್ಷ ಮಿಸ್. ಅವಳಿಗೆ ಇದೆಲ್ಲ ಏನು ಗೊತ್ತಾಗುತ್ತೆ?"

ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. 1991ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ನಡೆಯಿತು. ಒಂದು ಸಿಗರೇಟು ಕಂಪನಿ ಆಗ ಕಾರ್ಟೂನ್ ಒಂಟೆಯನ್ನು ಜಾಹೀರಾತಿಗೆ ಬಳಸುತ್ತಿತ್ತು. ಆ ಒಂಟೆಗೂ ಸಿಗರೇಟಿಗೂ ಸಂಬಂಧ ಇದೆ ಅಂತ 6 ವರ್ಷದ ಮಕ್ಕಳಲ್ಲಿ ಸುಮಾರು ಶೇ 91ರಷ್ಟು ಮಂದಿ ಗುರುತಿಸಿದರು. ಮಿಕ್ಕಿ ಮೌಸ್ ಗುರುತು ಹಿಡಿದಷ್ಟೇ ಸಲೀಸಾಗಿ!

ಅದು ದೂರದ, ಹಳೆಯ ಕತೆ ಅನಿಸಬಹುದು. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಭಾರತವೂ ಸೇರಿ 6 ದೇಶಗಳ 5-6 ವರ್ಷದ ಮಕ್ಕಳನ್ನು ಮಾತಾಡಿಸಿತು. ಒಟ್ಟು ಮಕ್ಕಳಲ್ಲಿ ಶೇ 68ರಷ್ಟು ಮಂದಿ ಕನಿಷ್ಠ ಒಂದು ಸಿಗರೇಟು ಬ್ರಾಂಡಿನ ಗುರುತನ್ನಾದರೂ ಹೇಳಿದರು. ಓದಲು ಬಾರದ ವಯಸ್ಸದು. ಅಕ್ಷರಕ್ಕಿಂತ ಮೊದಲು ಬಣ್ಣ, ಆಕಾರ ತಲೆಗೆ ಹೋಗುತ್ತವೆ.

ನೀವೇ ಮನೆಯಲ್ಲಿ ಪರೀಕ್ಷೆ ಮಾಡಬಹುದು. ಮಗುವನ್ನು ಬೈಯದೆ, ಸುಮ್ನೆ ಕೇಳಿ: "ನಮ್ಮ ಬೀದಿ ಅಂಗಡೀಲಿ ಏನೇನಿದೆ, ಎಲ್ಲೆಲ್ಲಿದೆ ಹೇಳು ಪುಟ್ಟಿ." ಚಿತ್ರ ಬರೆಸಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ನಾನು ಆರನೇ ತರಗತಿಯ ಮಕ್ಕಳಿಗೆ 'ನನ್ನ ಇಷ್ಟದ ಅಂಗಡಿ' ಅಂತ ಚಿತ್ರ ಬರೆಯಲು ಹೇಳಿದ್ದೆ. ತಂಬಾಕಿನ ಮಾತೇ ಎತ್ತಿರಲಿಲ್ಲ. ಆದರೂ ಹಲವು ಚಿತ್ರಗಳಲ್ಲಿ ಕೆಂಪು, ಬಿಳಿ, ನೀಲಿ ಚೌಕಗಳ ಸಾಲು ಇತ್ತು. "ಇದೇನು?" ಅಂದರೆ ಒಬ್ಬಳು ಬ್ರಾಂಡುಗಳ ಹೆಸರನ್ನೇ ಹೇಳಿದಳು. ಅವಳ ಮನೆಯಲ್ಲಿ ಯಾರೂ ಸೇದುವುದಿಲ್ಲ.

"ನೋಡಿದ ತಕ್ಷಣ ಸೇದಿಬಿಡ್ತಾರಾ? ನಾವೂ ನೋಡ್ಕೊಂಡೇ ಬೆಳೆದ್ವಲ್ಲ?"

ಇಲ್ಲ, ನೋಡಿದವರೆಲ್ಲ ಸೇದುವುದಿಲ್ಲ. ಮನೆಯವರ ಚಟ, ಗೆಳೆಯರ ಸಹವಾಸ, ಕೈಗೆ ಸಿಗುವ ದುಡ್ಡು ಎಲ್ಲದರ ಪಾಲೂ ಇರುತ್ತದೆ. ಆದರೆ ಅಂಗಡಿಯ ಪ್ರದರ್ಶನವನ್ನು ಹೆಚ್ಚು ನೋಡುವ ಮಕ್ಕಳಲ್ಲಿ 'ಒಮ್ಮೆ ಸೇದಿ ನೋಡೋಣ' ಎಂಬ ಒಲವು ಹೆಚ್ಚು ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ತೋರಿಸಿವೆ. ಇದು ಹೆದರಿಸುವ ಮಾತಲ್ಲ. ದಿನಾ ಬಿಸ್ಕತ್ತಿನ ಪಕ್ಕ ಕಂಡ ವಸ್ತು ಬಿಸ್ಕತ್ತಿನಷ್ಟೇ ಸಾಮಾನ್ಯ ಅನಿಸುತ್ತದೆ, ಅಷ್ಟೇ. 'ಎಲ್ಲರೂ ಸೇದ್ತಾರೆ, ಎಲ್ಲಾ ಕಡೆ ಸಿಗುತ್ತೆ' ಎಂಬ ಭಾವನೆ ಒಳಗೆ ಕೂತರೆ, ಗೆಳೆಯ ಚಾಚಿದ ಸಿಗರೇಟನ್ನು ಬೇಡ ಅನ್ನುವುದು ಕಷ್ಟ.

"ಪ್ಯಾಕ್ ಮೇಲೆ ಅಷ್ಟು ಭಯಂಕರ ಫೋಟೋ ಹಾಕಿದಾರಲ್ಲ, ಅದು ಸಾಲಲ್ವಾ?"

ಅದು ಬಹಳ ಒಳ್ಳೆಯ ಕ್ರಮ. ಏಪ್ರಿಲ್ 2016ರಿಂದ ಪ್ಯಾಕಿನ ಎರಡೂ ಮುಖಗಳ ಶೇ 85ರಷ್ಟು ಜಾಗವನ್ನು ಎಚ್ಚರಿಕೆಯ ಚಿತ್ರ ಮತ್ತು ಬರಹ ತುಂಬಬೇಕು. ಈ ನಿಯಮದ ಹೋರಾಟ ನಮ್ಮ ಬೆಂಗಳೂರಿನಲ್ಲೇ ಒಂದು ತಿರುವು ಕಂಡಿತ್ತು. ಡಿಸೆಂಬರ್ 2017ರಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಹಾಗಾಗಿ ಚಿತ್ರ ಉಳಿಯಿತು.

ಆದರೆ ಅಂಗಡಿಯಲ್ಲಿ ಪ್ಯಾಕುಗಳನ್ನು ಹೇಗೆ ಜೋಡಿಸುತ್ತಾರೆ ನೋಡಿ. ಎಷ್ಟೋ ಕಡೆ ಚಿತ್ರದ ಮುಖ ಒಳಗೆ, ಬಣ್ಣದ ಅಂಚು ಹೊರಗೆ. ಜೊತೆಗೆ ಬಿಡಿ ಸಿಗರೇಟು ಕೊಳ್ಳುವ ಹುಡುಗನ ಕೈಗೆ ಪ್ಯಾಕು ಬರುವುದೇ ಇಲ್ಲ.

"ಕರ್ನಾಟಕದಲ್ಲಿ ನಿಜವಾಗಿ ಎಷ್ಟು ಮಕ್ಕಳು ಸೇದ್ತಾರೆ? ಸುಮ್ನೆ ದೊಡ್ಡದು ಮಾಡ್ತಿದ್ದೀರಾ?"

2019ರ ಜಾಗತಿಕ ಯುವಜನ ತಂಬಾಕು ಸಮೀಕ್ಷೆಯಲ್ಲಿ 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ ಯಾವುದೇ ರೂಪದ ತಂಬಾಕು ಬಳಸುವವರು ದೇಶದ ಲೆಕ್ಕದಲ್ಲಿ ಶೇ 8.5. ಕರ್ನಾಟಕದ್ದು ಶೇ 1.2. ನಮ್ಮ ರಾಜ್ಯ ದೇಶದಲ್ಲೇ ಕಡಿಮೆ ಇರುವ ಸಾಲಿನಲ್ಲಿದೆ. ಇದನ್ನು ನಾನು ಪ್ರತಿ ಸಭೆಯಲ್ಲೂ ಖುಷಿಯಿಂದ ಹೇಳುತ್ತೇನೆ, ಮಕ್ಕಳಿಗೂ ಹೇಳುತ್ತೇನೆ. 'ಎಲ್ಲರೂ ಸೇದ್ತಾರೆ' ಎಂಬುದು ಸುಳ್ಳು ಅಂತ ಅವರಿಗೆ ಗೊತ್ತಾಗಲಿ.

ಆದರೆ ದೊಡ್ಡವರ ಲೆಕ್ಕ ಬೇರೆ. 2016-17ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಹದಿನೈದು ವರ್ಷದವರೆಗೆ ಉಳಿದ ಮಕ್ಕಳು ಆಮೇಲೆ ಎಲ್ಲೋ ಜಾರುತ್ತಿದ್ದಾರೆ, ಅಲ್ವಾ? ಹತ್ತನೇ ಕ್ಲಾಸು ಮುಗಿಸಿ, ಕೈಯಲ್ಲಿ ಸ್ವಲ್ಪ ದುಡ್ಡು ಬಂದು, ಪಿಯು ಕಾಲೇಜಿನ ಮುಂದಿನ ಟೀ ಅಂಗಡಿಯಲ್ಲಿ ನಿಲ್ಲುವ ಆ ಎರಡು ಮೂರು ವರ್ಷ ನನಗೆ ಬಹಳ ಆತಂಕ ಕೊಡುತ್ತದೆ.

## ಕಾನೂನಿನ ಪ್ರಶ್ನೆಗಳು

"ಹದಿನೆಂಟು ತುಂಬಿದವರಿಗೆ ಮಾರಬಹುದಲ್ವಾ?"

ಕರ್ನಾಟಕದಲ್ಲಿ ಈಗ ಆಗುವುದಿಲ್ಲ. ಕೇಂದ್ರದ ಕಾಯ್ದೆಯಲ್ಲಿ 18 ಇತ್ತು. ನಮ್ಮ ರಾಜ್ಯ 2024ರಲ್ಲಿ ತಿದ್ದುಪಡಿ ಮಾಡಿ ಅದನ್ನು 21ಕ್ಕೆ ಏರಿಸಿತು. ರಾಷ್ಟ್ರಪತಿಗಳ ಅಂಕಿತ ಸಿಕ್ಕಿ ಮೇ 2025ರಲ್ಲಿ ಅದು ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಗರಿಷ್ಠ ದಂಡ 200 ರೂಪಾಯಿಯಿಂದ 1,000 ರೂಪಾಯಿಗೆ ಏರಿತು. ಹುಕ್ಕಾ ಬಾರ್ ನಡೆಸುವುದಕ್ಕೆ ಜೈಲು ಶಿಕ್ಷೆಯೂ ಬಂತು. ಎಷ್ಟೋ ಅಂಗಡಿಗಳಲ್ಲಿ ಇನ್ನೂ '18' ಎಂಬ ಹಳೇ ಬೋರ್ಡೇ ಇದೆ. ಬದಲಿಸಲು ಹೇಳಿ.

"ಶಾಲೆಯಿಂದ ಎಷ್ಟು ದೂರ? ಗೇಟಿಂದ ಅಳೀತಾರಾ, ರಸ್ತೆ ಸುತ್ತಿ ಅಳೀತಾರಾ?"

ರಾಜ್ಯದ ತಿದ್ದುಪಡಿಯ ಪ್ರಕಾರ ಶಾಲೆಯ 100 ಮೀಟರ್ ಒಳಗೆ ತಂಬಾಕು ಮಾರುವಂತಿಲ್ಲ. ಮೊದಲು 100 ಗಜ ಇತ್ತು, ಅಂದರೆ 91 ಮೀಟರಿಗೆ ಸ್ವಲ್ಪ ಜಾಸ್ತಿ. ಅಳತೆ ಗೇಟಿನಿಂದ ಅಲ್ಲ. ಕೇಂದ್ರದ ನಿಯಮ ಹೇಳುವಂತೆ ಶಾಲೆಯ ಕಾಂಪೌಂಡಿನ ಹೊರ ಅಂಚಿನಿಂದ, ಎಲ್ಲ ದಿಕ್ಕಿಗೂ ನೇರವಾಗಿ. "ನಮ್ಮ ಅಂಗಡಿ ಹಿಂದಿನ ಕ್ರಾಸಿನಲ್ಲಿದೆ, ಸುತ್ತಿ ಬರಬೇಕು" ಎಂಬ ವಾದ ನಿಲ್ಲುವುದಿಲ್ಲ. ಕಾಲೇಜುಗಳಿಗೂ ಇದೇ ನಿಯಮ.

ಶಾಲೆಗಳಿಗೆ ಇರುವ ತಂಬಾಕುಮುಕ್ತ ಶಿಕ್ಷಣ ಸಂಸ್ಥೆ ಮಾರ್ಗಸೂಚಿಯಲ್ಲಿ ಈ ಗಡಿ ತೋರಿಸಲು ಹಳದಿ ಗೆರೆ ಎಳೆಯಬೇಕು ಅಂತ ಇದೆ. ಗಲ್ಲಿಗೊಂದು ಶಾಲೆ ಇರುವ ನಮ್ಮ ಬಡಾವಣೆಗಳಲ್ಲಿ ಒಂದು ಶಾಲೆಯ ವೃತ್ತ ಮುಗಿಯುವ ಮೊದಲೇ ಇನ್ನೊಂದರದು ಶುರುವಾಗುತ್ತದೆ. ಒಮ್ಮೆ ಮಕ್ಕಳ ಜೊತೆ ನೀವೇ ಟೇಪು ಹಿಡಿದು ಅಳೆದು ನೋಡಿ.

"ಅಂಗಡಿ ಮುಂದೆ ಎಂಥಾ ಬೋರ್ಡ್ ಹಾಕಬಹುದು?"

ಜಾಹೀರಾತು ಫಲಕ 60 ಸೆಂಟಿಮೀಟರ್ × 45 ಸೆಂಟಿಮೀಟರಿಗಿಂತ ದೊಡ್ಡದಿರಬಾರದು. ಅದರ ಮೇಲ್ಭಾಗದಲ್ಲಿ 20 × 15 ಸೆಂಟಿಮೀಟರ್ ಜಾಗದಲ್ಲಿ ತಂಬಾಕಿನ ಕೇಡಿನ ಎಚ್ಚರಿಕೆ ಬೇಕು. ಬ್ರಾಂಡಿನ ಹೆಸರು, ಪ್ಯಾಕಿನ ಚಿತ್ರ, ಬೇರೆ ಪ್ರಚಾರದ ಮಾತು ಯಾವುದೂ ಇರಕೂಡದು. ಯಾವ ಬಗೆಯ ತಂಬಾಕು ಸಿಗುತ್ತದೆ ಅಂತ ಮಾತ್ರ ಬರೆಯಬಹುದು. ಹಿಂದಿನಿಂದ ದೀಪ ಹಾಕುವಂತಿಲ್ಲ.

ಈ ನಿಯಮ 2005ರದ್ದು. ಆದರೆ ಬಾಂಬೆ ಹೈಕೋರ್ಟಿನ ತಡೆಯಿಂದ ವರ್ಷಗಟ್ಟಲೆ ಮಲಗಿತ್ತು. ಜುಲೈ 2013ರಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನು ತೆಗೆದುಹಾಕಿತು. ಈಗ ರಾತ್ರಿ ಹೊತ್ತು ಝಗಮಗ ಹೊಳೆಯುವ ಬ್ರಾಂಡಿನ ಪೆಟ್ಟಿಗೆ ಕಂಡರೆ ಅದು ತಪ್ಪು ಅಂತ ಧೈರ್ಯವಾಗಿ ಹೇಳಬಹುದು. ಜಾಹೀರಾತಿನ ತಪ್ಪಿಗೆ ಮೊದಲ ಸಲ 2 ವರ್ಷದವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ.

ಇದಲ್ಲದೆ ಚಿಕ್ಕ ವಯಸ್ಸಿನವರಿಗೆ ಮಾರುವುದಿಲ್ಲ ಎಂಬ ಎಚ್ಚರಿಕೆ ಫಲಕವೂ ಎದ್ದು ಕಾಣಬೇಕು. ತಂಬಾಕನ್ನು ಮಕ್ಕಳ ಕೈಗೆ ಸುಲಭವಾಗಿ ಎಟುಕುವಂತೆ ಇಡಬಾರದು. ಮಕ್ಕಳ ಕೈಯಲ್ಲಿ ಮಾರಿಸಲೂಬಾರದು. ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಸಂಜೆ ಅಪ್ಪ ಊಟಕ್ಕೆ ಹೋದಾಗ ಏಳನೇ ಕ್ಲಾಸಿನ ಮಗ ಗಲ್ಲಾದಲ್ಲಿ ಕೂತು ಸಿಗರೇಟು ಕೊಡುವುದನ್ನು ನಾವೆಲ್ಲ ನೋಡಿದ್ದೇವೆ.

"ಒಂದೇ ಒಂದು ಸಿಗರೇಟು ಮಾರಿದ್ರೆ ಏನಂತೆ?"

ಮಗುವಿನ ಜೇಬಿಗೆ ಎಟುಕುವುದು ಅದೇ. ಇಡೀ ಪ್ಯಾಕಿಗೆ ದುಡ್ಡು ಹೊಂದಿಸುವುದು ಹದಿನಾಲ್ಕರ ಹುಡುಗನಿಗೆ ಕಷ್ಟ. ಒಂದಕ್ಕೆ ಕಷ್ಟವಿಲ್ಲ, ಇಬ್ಬರು ಸೇರಿದರೆ ಇನ್ನೂ ಸುಲಭ. ಅದಕ್ಕೇ ಕರ್ನಾಟಕದ ತಿದ್ದುಪಡಿ ಬಿಡಿ ಮಾರಾಟವನ್ನು ನಿಷೇಧಿಸಿದೆ. ನನ್ನ ಅನಿಸಿಕೆಯಲ್ಲಿ ಇಡೀ ತಿದ್ದುಪಡಿಯಲ್ಲಿ ಮಕ್ಕಳಿಗೆ ಹೆಚ್ಚು ಉಪಯೋಗ ಆಗುವ ಸಾಲು ಇದೇ. ಬೀದಿಯಲ್ಲಿ ಕಡಿಮೆ ಪಾಲನೆ ಆಗುತ್ತಿರುವ ಸಾಲೂ ಇದೇ.

"ಅವರಪ್ಪಂಗೆ ಸಿಗರೇಟು ತರೋಕೆ ಮಗನ್ನ ಕಳಿಸ್ತೀವಿ. ಅದೂ ತಪ್ಪಾ?"

ತಪ್ಪು. 'ಅಪ್ಪಂಗೆ' ಅಂದರೂ ಅಂಗಡಿಯವರು ಮಗುವಿನ ಕೈಗೆ ಕೊಡುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಮಗುವಿಗೆ ತಂಬಾಕು ಪದಾರ್ಥ ಕೊಟ್ಟರೆ 7 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಕಾನೂನು ಒಂದು ಕಡೆ ಇರಲಿ. ಮಗ ಆ ಬ್ರಾಂಡಿನ ಹೆಸರನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಾನಲ್ಲ, ಆ ಹೆಸರು ಅವನ ನಾಲಿಗೆಗೆ ಬಂದದ್ದು ನಿಮ್ಮಿಂದ. ದಯವಿಟ್ಟು ಕಳಿಸಬೇಡಿ.

"ಗುಟ್ಕಾ ಬ್ಯಾನ್ ಆಗಿದೆ ಅಂತಾರೆ, ಆದ್ರೆ ಅಂಗಡಿ ಮುಂದೆ ತೋರಣ ಕಟ್ಟಿದ ಹಾಗೆ ಚೀಟಿ ನೇತಾಡ್ತಿರುತ್ತಲ್ಲ?"

ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆದದ್ದು ಮೇ 2013ರ ಕೊನೆಯಲ್ಲಿ. ಆಮೇಲೆ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಅಂತ ಜೋಡಿಯಾಗಿ ಮಾರತೊಡಗಿದರು. ಕೊಂಡವರು ಬಾಯಲ್ಲಿ ಬೆರೆಸಿಕೊಳ್ಳುತ್ತಾರೆ.

ಆ ತೋರಣ ಶಾಂಪೂ ಸ್ಯಾಶೆ, ಚಿಪ್ಸ್ ಪ್ಯಾಕೆಟ್ಟುಗಳ ಜೊತೆಯೇ ನೇತಾಡುತ್ತದೆ, ಸರಿಯಾಗಿ ಮಗುವಿನ ಕಣ್ಣೆತ್ತರಕ್ಕೆ. ಇನ್ನು ಏಲಕ್ಕಿ, ಪಾನ್ ಮಸಾಲೆ ಹೆಸರಿನಲ್ಲಿ ಸಿನಿಮಾ ತಾರೆಯರು ಬರುವ ಜಾಹೀರಾತು ನೋಡಿದ್ದೀರಿ. ಅದೇ ಹೆಸರು, ಅದೇ ಬಣ್ಣ ಅಂಗಡಿಯ ತಂಬಾಕಿನ ಚೀಟಿಯ ಮೇಲೂ ಇದ್ದರೆ ಮಗುವಿಗೆ ಯಾವುದು ಏಲಕ್ಕಿ, ಯಾವುದು ತಂಬಾಕು? ನಿಷೇಧವಿರುವ ವಸ್ತುವನ್ನು ಬೇರೆ ವಸ್ತುವಿನ ಮರೆಯಲ್ಲಿ ಪ್ರಚಾರ ಮಾಡಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಮಾರ್ಗಸೂಚಿ ಹೊರಡಿಸಿದೆ.

"ವೇಪ್ ಅಂತಾರಲ್ಲ, ಅದರಲ್ಲಿ ತಂಬಾಕು ಇಲ್ವಂತೆ. ಅದು ಪರವಾಗಿಲ್ವಾ?"

ಪರವಾಗಿಲ್ಲ ಅನ್ನುವ ಹಾಗಿಲ್ಲ. ವೇಪ್ ಅಂದರೆ ಇ-ಸಿಗರೇಟು. ಕರ್ನಾಟಕ 2016ರಲ್ಲೇ ಅದನ್ನು ನಿಷೇಧಿಸಿತು. 2019ರಲ್ಲಿ ಇಡೀ ದೇಶಕ್ಕೆ ಕಾಯ್ದೆ ಬಂತು. ತಯಾರಿ, ಆಮದು, ಮಾರಾಟ, ಜಾಹೀರಾತು ಎಲ್ಲಕ್ಕೂ ನಿಷೇಧ. ಮೊದಲ ತಪ್ಪಿಗೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಾವು, ದ್ರಾಕ್ಷಿ, ಪುದೀನ ಪರಿಮಳ ಬರುತ್ತದೆ, ಪೆನ್‌ಡ್ರೈವ್ ಥರ ಕಾಣುತ್ತದೆ. ಸಾಮಾನ್ಯವಾಗಿ ಒಳಗೆ ನಿಕೋಟಿನ್ ಇರುತ್ತದೆ. ಚಟ ಹಿಡಿಸುವುದೇ ಅದು.

"ಹತ್ತು ನಿಮಿಷದಲ್ಲಿ ತಂದುಕೊಡೋ ಆ್ಯಪ್‌ನಲ್ಲೂ ಸಿಗರೇಟು ಬರುತ್ತೆ. ಅದೂ ಅಂಗಡಿನೇನಾ?"

ಈ ಪ್ರಶ್ನೆ ಕೇಳಿದ್ದು ಒಂಬತ್ತನೇ ತರಗತಿಯ ಹುಡುಗಿ. ಅಮ್ಮನ ಫೋನಿನಲ್ಲಿ ಹಾಲು, ಬ್ರೆಡ್ಡು ತರಿಸುವುದು ಇವಳ ಕೆಲಸವಂತೆ. ಬ್ರೆಡ್ಡಿನಿಂದ ನಾಲ್ಕು ಸಲ ಬೆರಳು ಸರಿಸಿದರೆ ಸಿಗರೇಟಿನ ಪುಟ. ನನಗಂತೂ ಅದು ಬೇಕರಿಯ ಗೋಡೆಯೇ ಫೋನಿನೊಳಗೆ ಬಂದಂತೆ ಕಾಣುತ್ತದೆ. '21 ತುಂಬಿದೆ' ಅಂತ ಒಂದು ಗುಂಡಿ ಒತ್ತುವುದು ಪರೀಕ್ಷೆಯೇ ಅಲ್ಲ. ಬಾಗಿಲಲ್ಲಿ ತಂದುಕೊಡುವವರಿಗೆ ಗುರುತಿನ ಚೀಟಿ ಕೇಳುವಷ್ಟು ಪುರುಸೊತ್ತನ್ನು ಯಾರೂ ಕೊಟ್ಟಿಲ್ಲ. ಸದ್ಯಕ್ಕೆ ಮನೆಯಲ್ಲಿ ಮಾಡಬಹುದಾದ್ದು: ಆರ್ಡರ್ ಮಾಡುವ ಫೋನನ್ನು ಮಗುವಿನ ಕೈಗೆ ಕೊಡಬೇಡಿ, ಹಳೇ ಆರ್ಡರುಗಳ ಪಟ್ಟಿಯನ್ನು ಆಗಾಗ ನೋಡಿ.

"ಸಿಗರೇಟ್ ಥರ ಇರೋ ಮಿಠಾಯಿ ಕೊಡಿಸ್ಬಹುದಾ? ನಾವೂ ತಿಂದಿದ್ವಿ."

ನಾನೂ ತಿಂದಿದ್ದೇನೆ. ಎರಡು ಬೆರಳಲ್ಲಿ ಹಿಡಿದು, ಚಳಿಗಾಲದ ಬೆಳಗ್ಗೆ ಬಾಯಿಂದ ಹೊಗೆ ಬಿಟ್ಟಂತೆ ಆಡಿದ್ದೇನೆ. ಈಗ ಯೋಚಿಸಿದರೆ ಅದು ಅಭಿನಯದ ಪಾಠವೇ ಆಗಿತ್ತು. ಕೊಡಿಸಬೇಡಿ. ಬೇರೆ ಮಿಠಾಯಿ ಬೇಕಾದಷ್ಟಿವೆ.

## ಅಂಗಡಿಯವರು ಕೇಳುವುದು

"ಮೇಡಂ, ಸಿಗರೇಟು ಇಡದಿದ್ರೆ ನಮ್ಮ ಹೊಟ್ಟೆಪಾಡು ಏನು?"

ಇದಕ್ಕೆ ಸುಲಭದ ಉತ್ತರ ನನ್ನ ಹತ್ತಿರ ಇಲ್ಲ. ನಮ್ಮ ಬೀದಿಯ ಅಂಗಡಿಯವರು ಬೆಳಗಿನ ಜಾವ ಐದಕ್ಕೆ ಹಾಲಿನ ಕ್ರೇಟು ಇಳಿಸಿ, ರಾತ್ರಿ ಹತ್ತೂವರೆಗೆ ಶಟರ್ ಎಳೆಯುತ್ತಾರೆ. ಹಾಸನ, ಕುಂದಾಪುರ ಕಡೆಯಿಂದ ಬಂದು ಬಾಡಿಗೆ ಅಂಗಡಿ ಹಿಡಿದವರು. ಒಂದು ಸಿಗರೇಟಿನಲ್ಲಿ ಸಿಗುವ ಲಾಭ ಸಣ್ಣದು. ಆದರೆ ಸಿಗರೇಟಿಗೆ ಬಂದವರು ಟೀ ಕುಡಿಯುತ್ತಾರೆ, ಬನ್ನು ತಿನ್ನುತ್ತಾರೆ. ಆ ಗಿರಾಕಿ ಪಕ್ಕದ ಅಂಗಡಿಗೆ ಹೋದರೆ ಇಡೀ ವ್ಯಾಪಾರ ಹೋಗುತ್ತದೆ ಎಂಬ ಭಯ ನಿಜವಾದದ್ದು.

ಅದಕ್ಕೇ ನಾನು ಮೊದಲು ಕೇಳುವುದು 'ಮಾರಬೇಡಿ' ಅಂತ ಅಲ್ಲ. ಶಾಲೆಯ 100 ಮೀಟರಿನಾಚೆ ಇರುವ ಅಂಗಡಿಯವರಿಗೆ ನಾನು ಹೇಳುವುದು ಇಷ್ಟು: ಗೋಡೆ ಮುಚ್ಚಿ. ಪ್ಯಾಕುಗಳನ್ನು ಗಲ್ಲಾ ಕೆಳಗಿನ ಖಾನೆಗೆ ಇಳಿಸಿ. ಚಾಕೊಲೇಟ್ ಡಬ್ಬಿಗಳನ್ನು ಇನ್ನೊಂದು ತುದಿಗೆ ಇಡಿ. ಲೈಟರ್ ಒಳಗಿಡಿ. ನಿಮ್ಮ ಗಿರಾಕಿ ಹೇಗೂ ಹೆಸರು ಹೇಳಿ ಕೇಳುತ್ತಾನೆ. ಒಂದು ರೂಪಾಯಿ ನಷ್ಟವಿಲ್ಲ. ಮೂರು ಅಂಗಡಿಯವರು ಇದನ್ನು ಮಾಡಿದರು. ಒಬ್ಬರಂತೂ ಆ ಖಾಲಿ ಜಾಗದಲ್ಲಿ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟಿನ ಗಾಜಿನ ಡಬ್ಬಿಗಳನ್ನು ಇಟ್ಟರು. ನೋಡಲೂ ಚೆನ್ನಾಗಿದೆ.

ಮುಂದಿನ ಹೆಜ್ಜೆ ಸರ್ಕಾರದ್ದು. ಸೆಪ್ಟೆಂಬರ್ 2017ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು, ತಂಬಾಕು ಮಾರಲು ಸ್ಥಳೀಯ ಸಂಸ್ಥೆಗಳಿಂದ ಪ್ರತ್ಯೇಕ ಅನುಮತಿ ಬೇಕು ಅಂತ ಮಾಡಿ, ಅಂಥ ಅಂಗಡಿಯಲ್ಲಿ ಬಿಸ್ಕತ್ತು, ಚಿಪ್ಸು, ಮಿಠಾಯಿ, ತಂಪು ಪಾನೀಯ ಮಾರಲು ಬಿಡಬೇಡಿ ಎಂದು ಸಲಹೆ ಕೊಟ್ಟಿತು. ನಾನು ಇದನ್ನು ಒಪ್ಪುತ್ತೇನೆ. ಆದರೆ ಎಲ್ಲ ಅಂಗಡಿಗಳಿಗೂ ಒಂದೇ ದಿನ ಜಾರಿಗೆ ಬರಬೇಕು. ಒಬ್ಬರ ಮೇಲೆ ಮಾತ್ರ ಬಿದ್ದರೆ ಆ ಬಡವರಿಗಷ್ಟೇ ಪೆಟ್ಟು.

"ಹುಡುಗ ದಾಡಿ ಬಿಟ್ಟಿರ್ತಾನೆ. ಇಪ್ಪತ್ತೊಂದು ಆಗಿದ್ಯೋ ಇಲ್ವೋ ಹೇಗೆ ಗೊತ್ತಾಗಬೇಕು?"

ಅನುಮಾನ ಬಂದರೆ ವಯಸ್ಸಿನ ದಾಖಲೆ ಕೇಳಿ. ತಕರಾರು ಬಂದರೆ ಕೊಂಡವನಿಗೆ ವಯಸ್ಸಾಗಿದೆ ಎಂದು ತೋರಿಸುವ ಹೊಣೆ ಮಾರಿದವರದ್ದೇ. 'ಬೋರ್ಡ್ ನೋಡಪ್ಪ, ನಂಗೆ ದಂಡ ಬೀಳುತ್ತೆ' ಅಂದರೆ ಸಾಕು, ಜಗಳ ಬರುವುದಿಲ್ಲ.

"ಆ ರ್‍ಯಾಕು, ಬೋರ್ಡು ಎಲ್ಲಾ ಕಂಪನಿ ಕಡೆಯವರೇ ತಂದು ಹಾಕ್ತಾರೆ. ನಮ್ಮದೇನು ತಪ್ಪು?"

ತಂದವರದ್ದೂ ತಪ್ಪು ಹೌದು. ಆದರೆ ಪೊಲೀಸರು ಬಂದಾಗ ಅಂಗಡಿಯಲ್ಲಿ ಇರುವವರು ನೀವು. ಅಳತೆ ಮೀರಿದ, ದೀಪ ಇರುವ, ಬ್ರಾಂಡಿನ ಹೆಸರಿರುವ ಬೋರ್ಡು ತಂದರೆ 'ಬೇಡ' ಅನ್ನಿ. ರ್‍ಯಾಕ್ ಇಟ್ಟಿದ್ದಕ್ಕೆ ದುಡ್ಡು, ಉಡುಗೊರೆ ಕೊಡುತ್ತೇವೆ ಅಂದರೆ ಒಮ್ಮೆ ಯೋಚಿಸಿ: ಸುಮ್ನೆ ಮಾರಾಟವಾಗುವ ಸರಕಿಗೆ ಯಾರೂ ಜಾಗದ ಬಾಡಿಗೆ ಕೊಡುವುದಿಲ್ಲ. ಅವರಿಗೆ ಬೇಕಿರುವುದು ನಿಮ್ಮ ಗೋಡೆ ಮತ್ತು ಅದರ ಮುಂದೆ ನಿಲ್ಲುವ ಕಣ್ಣುಗಳು.

## ಇನ್ನೂ ಮುಂದಿನ ಪ್ರಶ್ನೆಗಳು

"ದೂರು ಯಾರಿಗೆ ಕೊಡೋದು? ಕೊಟ್ರೆ ಏನಾದ್ರೂ ಆಗುತ್ತಾ?"

ಹತ್ತಿರದ ಪೊಲೀಸ್ ಠಾಣೆಗೆ, ಪಾಲಿಕೆಯ ಆರೋಗ್ಯಾಧಿಕಾರಿಗೆ ಬರೆದು ಕೊಡಿ. ಸಬ್ ಇನ್ಸ್‌ಪೆಕ್ಟರ್ ದರ್ಜೆ ಮತ್ತು ಅದಕ್ಕಿಂತ ಮೇಲಿನ ಅಧಿಕಾರಿಗಳಿಗೆ ಅಕ್ರಮ ಜಾಹೀರಾತನ್ನು ಜಪ್ತಿ ಮಾಡುವ ಅಧಿಕಾರ ಇದೆ. ಶಾಲೆಯ ಲೆಟರ್‌ಹೆಡ್‌ನಲ್ಲಿ, ಮುಖ್ಯೋಪಾಧ್ಯಾಯರ ಮತ್ತು ಎಸ್‌ಡಿಎಂಸಿ ಸದಸ್ಯರ ಸಹಿಯೊಂದಿಗೆ ಹೋದರೆ ತೂಕ ಜಾಸ್ತಿ. ಫೋಟೋ, ದಿನಾಂಕ, ಶಾಲೆಯಿಂದ ಅಳೆದ ದೂರ ಬರೆಯಿರಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ನಮ್ಮ ಮೊದಲ ಅರ್ಜಿ ಎಲ್ಲೋ ಕಳೆದುಹೋಯಿತು, ಮುದ್ರೆ ಇರಲಿಲ್ಲ. ಎರಡನೆಯದಕ್ಕೆ ಮುದ್ರೆ ಇತ್ತು, ದೀಪದ ಬೋರ್ಡು ಇಳಿಯಿತು.

"ದಿನಾ ಹಾಲು ತರೋ ಅಂಗಡಿ. ಜಗಳ ಆಗದೆ ಹೇಗೆ ಹೇಳೋದು?"

ನಾನು ಮೊದಲ ಸಲ ಹೇಳಿದ ರೀತಿಯೇ ತಪ್ಪಾಗಿತ್ತು. ಸಂಜೆ ಆರಕ್ಕೆ, ಗಿರಾಕಿಗಳು ತುಂಬಿರುವಾಗ, ಎಲ್ಲರೆದುರು ಕಾನೂನು ಹೇಳಿದೆ. ಅಂಗಡಿಯ ಅಣ್ಣನ ಮುಖ ಕೆಂಪಾಯಿತು. ತಿಂಗಳುಗಟ್ಟಲೆ ಮಾತಿಲ್ಲ. ಆಮೇಲೆ ಒಂದು ಮಧ್ಯಾಹ್ನ, ಮೂರು ಗಂಟೆಗೆ, ಅಂಗಡಿ ಖಾಲಿ ಇದ್ದಾಗ ಹೋದೆ. ಮಕ್ಕಳು ಬರೆದ ಆ ಚಿತ್ರಗಳನ್ನು ಕೌಂಟರಿನ ಮೇಲೆ ಹರಡಿದೆ. ಅವರು ಒಂದೊಂದನ್ನೇ ನೋಡಿದರು. "ಇದು ನಮ್ಮಂಗಡೀನೇ ಅಲ್ವಾ ಮೇಡಂ? ಬಾಗಿಲ ತೋರಣ ಕೂಡ ಬರ್ದಿದಾಳೆ" ಅಂದರು. ಅವರಿಗೂ ಐದನೇ ಕ್ಲಾಸಿನ ಮಗಳಿದ್ದಾಳೆ. ಪ್ಯಾಕುಗಳು ಕೆಳಗಿಳಿದದ್ದು ಮಾರನೇ ವಾರ.

ಹಾಗಾಗಿ ಖಾಲಿ ಹೊತ್ತು ನೋಡಿ ಹೋಗಿ. ಒಬ್ಬರೇ ಹೋಗಿ. ಹೋದಾಗ ಏನಾದರೂ ಕೊಳ್ಳಿ.

"ಬೇರೆ ದೇಶದಲ್ಲಿ ಹೇಗೆ? ಅಲ್ಲಿ ಅಂಗಡಿಗಳು ಮುಚ್ಚಿಹೋದವಾ?"

ಐಸ್‌ಲ್ಯಾಂಡ್ 2001ರಲ್ಲೇ ಅಂಗಡಿಯಲ್ಲಿ ಸಿಗರೇಟು ಕಾಣುವಂತೆ ಇಡುವುದನ್ನು ನಿಷೇಧಿಸಿತು. ಥಾಯ್ಲೆಂಡ್ 2005ರಲ್ಲಿ, ಐರ್ಲೆಂಡ್ 2009ರಲ್ಲಿ ಅದೇ ದಾರಿ ಹಿಡಿದವು. ಇಂಗ್ಲೆಂಡ್ 2012ರಲ್ಲಿ ದೊಡ್ಡ ಅಂಗಡಿಗಳಿಗೆ, 2015ರಲ್ಲಿ ಸಣ್ಣ ಅಂಗಡಿಗಳಿಗೆ ನಿಯಮ ತಂದಿತು. ಅಲ್ಲಿ ಮುಚ್ಚಿದ ಕಪಾಟಿನಿಂದ ತೆಗೆದು ಕೊಡುತ್ತಾರೆ, ಅಷ್ಟೇ. ಬೀದಿ ಅಂಗಡಿಗಳು ಬಾಗಿಲು ಹಾಕಿಕೊಂಡು ಹೋಗಲಿಲ್ಲ. ನಮ್ಮಲ್ಲೂ 2020ರ ತಿದ್ದುಪಡಿ ಕರಡಿನಲ್ಲಿ ಅಂಗಡಿಗೆ ಕೊಟ್ಟ ಜಾಹೀರಾತು ವಿನಾಯಿತಿಯನ್ನು ತೆಗೆಯುವ ಪ್ರಸ್ತಾಪ ಇತ್ತು. ಕರ್ನಾಟಕ ವಯಸ್ಸು ಏರಿಸುವುದರಲ್ಲಿ ಮುಂದೆ ನಡೆದ ಹಾಗೆ ಇದರಲ್ಲೂ ನಡೆಯಬಹುದು.

"ನಮ್ಮ ಹುಣಸೂರು, ಪಿರಿಯಾಪಟ್ಟಣದ ರೈತರು ತಂಬಾಕು ಬೆಳೀತಾರೆ. ಅವರ ಗತಿ?"

ನನ್ನ ಸಹೋದ್ಯೋಗಿಯೊಬ್ಬರು ಆ ಕಡೆಯವರು, ಈ ಪ್ರಶ್ನೆ ಅವರದ್ದೇ. ಬೆಂಗಳೂರಿನ ಬೇಕರಿಯಲ್ಲಿ ಪ್ಯಾಕು ಕಪಾಟಿನೊಳಗೆ ಹೋದರೆ ರೈತರ ಈ ವರ್ಷದ ಹರಾಜು ನಿಲ್ಲುವುದಿಲ್ಲ. ಬೆಳೆ ಬದಲಿಸುವುದು ವರ್ಷಗಟ್ಟಲೆ ಹಿಡಿಯುವ ಬೇರೆ ಕೆಲಸ. ಅದಕ್ಕೆ ಸರ್ಕಾರದ ಆಸರೆ ಬೇಕೇ ಬೇಕು. ಮಕ್ಕಳನ್ನು ಗಿರಾಕಿ ಮಾಡಿ ರೈತರನ್ನು ಉಳಿಸಬೇಕು ಅಂತ ಯಾವ ರೈತರೂ ನನಗೆ ಹೇಳಿಲ್ಲ.

"ನಮ್ಮ ಹುಡುಗನ ಬ್ಯಾಗಲ್ಲಿ ಸಿಗರೇಟು ಸಿಕ್ತು ಮಿಸ್. ಏನ್ ಮಾಡ್ಲಿ?"

ಆ ದಿನ ಬೈಯಬೇಡಿ, ಹೊಡೆಯಲೇಬೇಡಿ. ಊಟ ಆದಮೇಲೆ ಪಕ್ಕ ಕೂತು ಕೇಳಿ: ಎಲ್ಲಿ ಸಿಕ್ತು, ಯಾರು ಕೊಟ್ರು, ಯಾವಾಗಿಂದ. 'ಯಾಕೆ' ಅಂತ ಕೊನೆಗೆ ಕೇಳಿ. ಒಮ್ಮೆ ಸೇದಿ ನೋಡಿದವನಿಗೂ ದಿನಾ ಬೇಕೇ ಬೇಕು ಅನ್ನುವವನಿಗೂ ಬೇರೆ ಬೇರೆ ದಾರಿ ಬೇಕಾಗುತ್ತದೆ. ಚಟ ಹತ್ತಿದ್ದರೆ 1800-11-2356ಕ್ಕೆ ಕರೆ ಮಾಡಿ. ಪ್ಯಾಕಿನ ಮೇಲೆಯೇ ಅಚ್ಚಾಗಿರುವ, ದುಡ್ಡು ಬೀಳದ ಸಹಾಯವಾಣಿ ಇದು. ನಮ್ಮ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ. ತಂಬಾಕು ಬಿಡಿಸುವ ಚಿಕಿತ್ಸೆಯೂ ಅಲ್ಲಿ ಸಿಗುತ್ತದೆ. ಮನಸ್ಸು ಕುಗ್ಗಿದಂತೆ ಕಂಡರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416.

ಜೊತೆಗೆ ಅವನು ದಿನಾ ನಡೆಯುವ ದಾರಿಯನ್ನು ನೀವೂ ಒಮ್ಮೆ ನಡೆದು ನೋಡಿ. ಕಳೆದ ವರ್ಷ ಒಬ್ಬ ಹಳೆಯ ವಿದ್ಯಾರ್ಥಿ, ಈಗ ಪಿಯು ಓದುತ್ತಿರುವವನು, ನನಗೆ ಹೇಳಿದ: "ಮನೇಲಿದ್ರೆ ನೆನಪೇ ಆಗಲ್ಲ ಮಿಸ್. ಆ ಬೇಕರಿ ಹತ್ರ ಬಂದ ತಕ್ಷಣ ಕೈ ತಾನಾಗೇ ಜೇಬಿಗೆ ಹೋಗುತ್ತೆ." ಅವನೂ ಅವನ ಅಮ್ಮನೂ ಕೂತು ಬೇರೆ ದಾರಿ ಹುಡುಕಿದರು. ಈಗ ದೇವಸ್ಥಾನದ ಹಿಂದಿನ ರಸ್ತೆಯಿಂದ ಮನೆಗೆ ಹೋಗುತ್ತಾನೆ. ಐದು ನಿಮಿಷ ಜಾಸ್ತಿ ನಡೆಯಬೇಕು, ಆದರೆ ಆ ದಾರಿಯಲ್ಲಿ ಒಂದೂ ಅಂಗಡಿ ಇಲ್ಲ.